ಮಾತು ಮುಗಿಯದಿದ್ದರೆ ಕೈ ಎತ್ತಿ

"ಸ್ವಲ್ಪ ಆಚೆ ಹಿಡಿ ಮಾರಾಯ, ಹೂವಿಗೆ ತಾಗ್ತದೆ," ಎನ್ನುತ್ತ ಇರ್ವಿನ್ ಶವಪೆಟ್ಟಿಗೆಯ ಮುಚ್ಚಳದ ಒಂದು ತುದಿ ಎತ್ತಿದ. ಇನ್ನೊಂದು ತುದಿ ಹಿಡಿದವನು ಹಿತೇಶ್, ಸತ್ತವನ ಅಂಗಡಿಗೆ ತಾಗಿಕೊಂಡೇ ಇರುವ ಮೆಡಿಕಲ್ ಶಾಪಿನವನು. ಪೆಟ್ಟಿಗೆಯೊಳಗೆ ಇರ್ವಿನ್‌ನ ಅಣ್ಣ ಡೆನಿಸ್, ಬದುಕಿದ್ದಾಗ ಬೇಡವೆಂದು ಹಟ ಹಿಡಿದಿದ್ದ ಕೋಟನ್ನು ಈಗ ತೆಪ್ಪಗೆ ತೊಟ್ಟು, ಬೆರಳಿಗೆ ಜಪಸರ ಸುತ್ತಿಸಿಕೊಂಡು ಮಲಗಿದ್ದ.

ರೊಸಾಲಿನ್ ಗಂಡನ ಎದೆಯ ಮೇಲೆ ಕೈ ಅಡ್ಡ ಇಟ್ಟಳು.

"ಡ್ಯಾಫ್ನಿ ಬರ್ಲಿ."

"ಅತ್ತಿಗೆ, ಫಾದರಿಗೆ ನಾಲ್ಕಕ್ಕೆ ಮದುವೆಯ ಪೂಜೆ ಉಂಟು. ಮದುಮಗಳ ಕಾರು ಬರುವಾಗ ನಾವು ಇಲ್ಲಿ ಹೆಣ ಇಟ್ಕೊಂಡು ನಿಂತ್ರೆ ಹೇಗೆ?"

ಇರ್ವಿನ್ ಅವಸರದ ಮನುಷ್ಯ, ಆದರೆ ಹೇಳಿದ್ದು ತಪ್ಪೇನಲ್ಲ. ಜೆಪ್ಪುವಿನ ಆ ಇಗರ್ಜಿಯ ಹಿಂದೆ ಸ್ಮಶಾನ, ಮುಂದೆ ಮದುವೆಯ ಚಪ್ಪರ. ಮಗಳು ಡ್ಯಾಫ್ನಿ ಬರುತ್ತಿದ್ದ ಮಸ್ಕತ್ತಿನ ವಿಮಾನ ತಡವಾಗಿ ಬಜಪೆಯಲ್ಲಿ ಇಳಿದಿತ್ತು. ಆಗಷ್ಟೇ ಅವಳ ಫೋನು ಬಂದಿತ್ತು: "ಮಮ್ಮಿ, ನಂತೂರಿನಲ್ಲಿ ಬ್ಲಾಕ್ ಉಂಟು. ಟ್ಯಾಕ್ಸಿ ಮುಂದೆ ಹೋಗ್ತಾ ಇಲ್ಲ. ಮುಚ್ಬೇಡಿ ಅಂತ ಹೇಳಿ, ಪ್ಲೀಸ್."

"ವಿಡಿಯೋ ಕಾಲ್ ಮಾಡುವ," ಎಂದ ಇರ್ವಿನ್. "ಮುಖ ನೋಡ್ಲಿ. ಈಗ ಎಲ್ರೂ ಹಾಗೇ ಅಲ್ವಾ ಮಾಡುವುದು?"

"ಅಪ್ಪನ ಹಣೆಗೆ ಮುತ್ತು ಕೊಡ್ಲಿಕ್ಕೆ ಮೊಬೈಲಿನಲ್ಲಿ ಆಗ್ತದಾ ಅವಳಿಗೆ?" ರೊಸಾಲಿನ್‌ಗೆ ಸಿಟ್ಟು ಬಂದಿತ್ತು. ದುಃಖಕ್ಕಿಂತ ಸಿಟ್ಟೇ ಆಗ ಅವಳನ್ನು ನೆಟ್ಟಗೆ ನಿಲ್ಲಿಸಿತ್ತು.

ಮುಖ ನೋಡುವುದಷ್ಟೇ ಆಗಿದ್ದರೆ ಅವಳೂ ಒಪ್ಪುತ್ತಿದ್ದಳೋ ಏನೋ. ಸಾಯುವ ದಿನ ಮಧ್ಯಾಹ್ನ ಡೆನಿಸ್ ಮಗಳಿಗೆ ಫೋನು ಮಾಡಿದ್ದ. ಅವಳು ಅಲ್ಲಿ ನರ್ಸು, ವಾರ್ಡಿನಲ್ಲಿ ಪೇಷೆಂಟುಗಳ ಗಲಾಟೆ. "ಬಾಯೆ, ಒಂದು ಮಾತು ಹೇಳ್ಲಿಕ್ಕಿತ್ತು..." ಎಂದು ಅವನು ಶುರು ಮಾಡಿದ್ದಷ್ಟೆ. "ಡ್ಯೂಟಿಯಲ್ಲಿದ್ದೇನೆ ಪಪ್ಪಾ, ಮತ್ತೆ ಮಾಡ್ತೇನೆ," ಎಂದು ಅವಳು ಕಟ್ ಮಾಡಿದ್ದಳು. ಸಂಜೆ ಅವನು ಅಂಗಡಿಯ ಕುರ್ಚಿಯಿಂದ ಜಾರಿ ಬಿದ್ದವನು ಮತ್ತೆ ಏಳಲಿಲ್ಲ. ಅಂದಿನಿಂದ ಡ್ಯಾಫ್ನಿಯದು ಒಂದೇ ಪ್ರಶ್ನೆ. ಎಂತದು ಹೇಳ್ಲಿಕ್ಕಿತ್ತು ಮಮ್ಮಿ? ರೊಸಾಲಿನ್‌ಗೂ ಗೊತ್ತಿರಲಿಲ್ಲ. ಅದು ಎಂದಾದರೂ ಗೊತ್ತಾಗುವಂಥದ್ದೂ ಅಲ್ಲ.

*

ಡ್ಯಾಫ್ನಿ ಚಿಕ್ಕವಳಿದ್ದಾಗ ಅತ್ತಾವರದಲ್ಲಿ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಡೆನಿಸನದು ಸೈಬರ್ ಕೆಫೆ. ಪ್ಲೈವುಡ್ಡಿನ ಗೋಡೆ ಎಬ್ಬಿಸಿ ಮಾಡಿದ ಪುಟ್ಟ ಪುಟ್ಟ ಕ್ಯಾಬಿನ್ನು, ಕೌಂಟರಿನಲ್ಲಿ ದೊಡ್ಡ ಕಂಪ್ಯೂಟರು. ಅದರಲ್ಲಿದ್ದ ಸಾಫ್ಟ್‌ವೇರ್ ಯಾರು ಎಲ್ಲಿ ಕೂತರು, ಎಷ್ಟು ಹೊತ್ತಾಯಿತು ಎಂದು ತಾನೇ ನೋಡಿಕೊಳ್ಳುತ್ತಿತ್ತು. ಕೊಟ್ಟ ದುಡ್ಡಿನ ಹೊತ್ತು ತೀರಿತೋ, ಕ್ಯಾಬಿನ್ನಿನ ಪರದೆ ಕಪ್ಪು. ಡೆನಿಸನಿಗೆ ಅದು ತುಂಬ ಹಿಡಿಸಿತ್ತು. ಸಂಕೋಚದ ಪ್ರಾಣಿ ಅವನು, ಗಿರಾಕಿಯ ಮುಖ ನೋಡಿ "ಏಳಿ" ಎನ್ನುವ ಸಂಕಟ ತಪ್ಪಿತ್ತಲ್ಲ!

ಶುಕ್ರವಾರ ರುಖಿಯಾ ಬರುತ್ತಿದ್ದಳು. ಗಂಡ ಹಾಶಿಂನಿಗೆ ದಮ್ಮಾಮಿನಲ್ಲಿ ಅಂದು ರಜೆ. ಒಂದು ಶುಕ್ರವಾರ ಬಾಣಂತನ ಮುಗಿಸಿ, ಹಸುಗೂಸು ಝಹ್ರಾಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಅಪ್ಪ ಮಗಳನ್ನು ನೋಡುವುದು ಅದೇ ಮೊದಲು. ಲೈನು ಸಿಗುವುದಕ್ಕೇ ಹೆಚ್ಚಿನ ಹೊತ್ತೆಲ್ಲ ಹೋಯಿತು. ಕೊನೆಗೂ ಸಿಕ್ಕಿತು. ಮಗುವಿನ ಮುಖದ ಮೇಲಿನ ಬಟ್ಟೆ ಸರಿಸುತ್ತಿದ್ದಂತೆ ಪರದೆ ಕಪ್ಪಾಯಿತು.

"ಪೊರ್ಬುಗಳೇ, ಹೋಯ್ತು! ಅವರು ನೋಡ್ಲೇ ಇಲ್ಲ!" ರುಖಿಯಾ ಕೌಂಟರಿನಲ್ಲಿದ್ದ ಡೆನಿಸನನ್ನು ಕೂಗಿದಳು.

ಡೆನಿಸ್ ತಟ್ಟನೆ ಕೀಲಿ ಒತ್ತಿದ. ಪರದೆ ಬಂತು, ಹಾಶಿಂ ಬರಲಿಲ್ಲ. ದಮ್ಮಾಮಿನ ಕೆಫೆಯಲ್ಲಿ ಅವನ ಹಿಂದೆಯೂ ಸಾಲು ಇತ್ತು. ರುಖಿಯಾ ಮಗುವನ್ನು ಎದೆಗೊತ್ತಿಕೊಂಡು ಅಳುತ್ತ ಮೆಟ್ಟಿಲಿಳಿದಳು. ಡೆನಿಸ್ ಆ ದಿನ ಊಟಕ್ಕೆ ಮನೆಗೆ ಬರಲಿಲ್ಲ.

ಸಾಫ್ಟ್‌ವೇರ್ ಹಾಕಿಕೊಟ್ಟಿದ್ದ ಕೌಶಲ್ ನಕ್ಕುಬಿಟ್ಟ. "ಅಂಕಲ್, ಬಂದ್ ಮಾಡುವುದೇ ಇದರ ಕೆಲಸ. ಅದನ್ನು ತೆಗೆದ್ರೆ ಮತ್ತೆ ಇದು ಯಾಕೆ?"

"ಮಾತಾಡುವವರ ಬಾಯಿ ಮುಚ್ಚಿಸುವುದು ನನ್ನ ಕೆಲಸ ಅಲ್ಲ ಮಾರಾಯ. ಮೊದಲೇ ಒಂದು ಮಾತು ತಿಳಿಸುವ ಹಾಗೆ ಮಾಡಿ ಕೊಡು."

ಹಾಗೆ, ಹೊತ್ತು ತೀರುವ ಮೊದಲು ಎಲ್ಲ ಕ್ಯಾಬಿನ್ನಿನಲ್ಲೂ ಡೆನಿಸ್ ಹೇಳಿ ಬರೆಸಿದ ಸಾಲು ಮೂಡತೊಡಗಿತು: ಮಾತು ಮುಗಿಯದಿದ್ದರೆ ಕೈ ಎತ್ತಿ. ಪ್ಲೈವುಡ್ಡಿನ ಮೇಲೆ ಬಳೆಯ ಕೈಯೋ ಗಡಿಯಾರದ ಕೈಯೋ ಎದ್ದರೆ ಅವನು ಕೌಂಟರಿನಿಂದಲೇ ಹೊತ್ತು ಕೂಡಿಸುತ್ತಿದ್ದ. ಅದಕ್ಕೆ ದುಡ್ಡಿಲ್ಲ. ಶಾಲೆಯಿಂದ ಬಂದ ಡ್ಯಾಫ್ನಿಗೆ ಸ್ಟೂಲಿನ ಮೇಲೆ ನಿಂತು ಕಾಯುವ ಕೆಲಸ. "ಪಪ್ಪಾ, ಕೈ!" ಎಂದು ಅವಳು ಕಿರುಚಿದರೆ ರಸ್ತೆಗೆ ಕೇಳುತ್ತಿತ್ತು. ಕೆಲವು ಸಲ ಕೀಲಿಯನ್ನೂ ಅವಳೇ ಒತ್ತುತ್ತಿದ್ದಳು.

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ಕ್ಯಾಬಿನ್ನುಗಳು ಹೋಗಿ ಜೆರಾಕ್ಸ್ ಮಿಷನ್ ಬಂತು. ಕೌಂಟರಿನ ಆ ಸಾಫ್ಟ್‌ವೇರನ್ನು ಮಾತ್ರ ಡೆನಿಸ್ ತೆಗೆಯಲಿಲ್ಲ. "ಯಾರಿಗೆ ಇಟ್ಟುಕೊಂಡದ್ದು ನೀವು?" ಎಂದು ರೊಸಾಲಿನ್ ಛೇಡಿಸಿದರೆ, "ಇರ್ಲಿ, ನಿನಗೆಂತ ಭಾರ?" ಎನ್ನುತ್ತಿದ್ದ.

*

ಇಗರ್ಜಿಯ ಮುಂದೆ ಹೂ ಕಟ್ಟಿದ ಕಾರು ಬಂದು ನಿಂತಿತು. ಫಾದರ್ ಪುಸ್ತಕ ತೆರೆದರು.

"ಸಾಕು ಅತ್ತಿಗೆ," ಎಂದ ಇರ್ವಿನ್. ಅವನ ದನಿಯೂ ಒಡೆದಿತ್ತು. "ಹಿತೇಶ್, ಹಿಡಿ."

ರೊಸಾಲಿನ್ ಇನ್ನೊಮ್ಮೆ ಗೇಟಿನ ಕಡೆ ನೋಡಿದಳು. ಸಿಟ್ಟೂ ಬರಿದಾಗಿತ್ತು. ಎದೆಯ ಮೇಲಿಟ್ಟಿದ್ದ ಕೈಯನ್ನು ಅವಳು ಮೆಲ್ಲನೆ ತೆಗೆದಳು.

ಆಗ ಜನರ ಹಿಂದೆ, ಗೋಡೆಯ ಪಕ್ಕದಲ್ಲಿ, ಕಪ್ಪು ಬುರ್ಖಾದ ತೋಳೊಂದು ಮೇಲೆದ್ದಿತು.

"ಎಂತ ಅಕ್ಕ, ಎಂತ ಆಗ್ಬೇಕಿತ್ತು?" ಇರ್ವಿನ್ ಕೇಳಿದ.

ರುಖಿಯಾ ಕೈ ಇಳಿಸಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳ ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿ ಝಹ್ರಾ ಅಮ್ಮನ ಮುಖ ನೋಡಿ ತಾನೂ ಕೈ ಎತ್ತಿದಳು. ಆಸ್ಪತ್ರೆಯ ಆಯಾ ವಾರಿಜಾಕ್ಷಿ, ದುಬಾಯಿಯ ತಮ್ಮನೊಡನೆ ಜಗಳವಾಡಲಿಕ್ಕೇ ಕೆಫೆಗೆ ಬರುತ್ತಿದ್ದವಳು, ಸೆರಗಿನಿಂದ ಮೂಗೊರೆಸಿಕೊಂಡು ಎತ್ತಿದಳು. ಅಲ್ಲೊಂದು, ಇಲ್ಲೊಂದು. ಹಿತೇಶ್ ತನ್ನ ಕಡೆಯ ಮುಚ್ಚಳ ಇಳಿಸಿದ. ಒಂದೇ ಕಡೆ ಹಿಡಿದು ಇರ್ವಿನ್ ಏನು ಮಾಡಿಯಾನು? ಅವನೂ ಇಳಿಸಿದ.

"ಇದು ಎಂತದಮ್ಮ?" ಫಾದರ್ ಕೇಳಿದರು.

"ಇವರ ಅಂಗಡಿಯ ಕ್ರಮ ಫಾದರ್." ರೊಸಾಲಿನ್ ಮತ್ತೆ ಗಂಡನ ಎದೆಯ ಮೇಲೆ ಕೈ ಇಟ್ಟಳು. "ಕೈ ಎತ್ತಿದ್ರೆ ಇವರು ಬಂದ್ ಮಾಡ್ತಿರ್ಲಿಲ್ಲ."

ಫಾದರ್ ಪುಸ್ತಕ ಮಡಚಿದರು. "ಮದುವೆಯವರಿಗೆ ಹೇಳಿ ಬರ್ತೇನೆ. ತುಂಬ ಹೊತ್ತು ಆಗ್ಲಿಕ್ಕಿಲ್ಲ, ಆಯ್ತಾ?"

ಟ್ಯಾಕ್ಸಿಯಿಂದ ಇಳಿದ ಡ್ಯಾಫ್ನಿಗೆ ಗೇಟಿನಿಂದ ಪೆಟ್ಟಿಗೆ ಕಾಣಲಿಲ್ಲ. ಕಂಡದ್ದು ತಲೆಗಳ ಮೇಲಿನ ಕೈಗಳು. ಅವಳು ಬ್ಯಾಗು ಅಲ್ಲೇ ಬಿಸಾಡಿ ಓಡಿದಳು. ಜನ ದಾರಿ ಬಿಟ್ಟರು, ಕೈಗಳು ಒಂದೊಂದಾಗಿ ಇಳಿದವು. ಅವಳು ಮಣ್ಣಿನಲ್ಲಿ ಮೊಣಕಾಲೂರಿ ಅಪ್ಪನ ಹಣೆಗೆ ಮುತ್ತಿಟ್ಟಳು, ಜಪಸರ ಸುತ್ತಿದ ಬೆರಳುಗಳನ್ನು ಹಿಡಿದುಕೊಂಡಳು.

"ಎಂತದು ಹೇಳ್ಲಿಕ್ಕಿತ್ತು ಪಪ್ಪಾ? ಹೇಳಿ. ಈಗ ಕಟ್ ಮಾಡುವುದಿಲ್ಲ ನಾನು, ದೇವರಾಣೆ ಮಾಡುವುದಿಲ್ಲ."

ಯಾರಿಗೂ ಅದನ್ನು ಕೇಳಿಸಿಕೊಂಡು ನಿಲ್ಲಲಾಗಲಿಲ್ಲ. ವಾರಿಜಾಕ್ಷಿ ಮುಖ ತಿರುಗಿಸಿದಳು. ಚಪ್ಪರದ ಕಡೆಯಿಂದ ಬ್ಯಾಂಡಿನವರು ವಾದ್ಯ ಸರಿಮಾಡಿಕೊಳ್ಳುವುದು ಕೇಳುತ್ತಿತ್ತು.

ಫಾದರ್ ಹಿಂದಿರುಗಿ ಬಂದು ತಮ್ಮ ಜಾಗದಲ್ಲಿ ನಿಂತರು. ಕೊನೆಯ ಪ್ರಾರ್ಥನೆ ಮುಗಿಯಿತು. ಇರ್ವಿನ್ ಬಗ್ಗಿ ಅಣ್ಣನ ಮಗಳ ತಲೆ ಸವರಿದ. "ಬಾಯೆ, ಸಾಕು. ಏಳು." ಅವನೂ ಹಿತೇಶನೂ ಮುಚ್ಚಳ ಎತ್ತಿದರು.

ಡ್ಯಾಫ್ನಿ ತಲೆ ಎತ್ತಲಿಲ್ಲ. ಎಡಗೈ ಅಪ್ಪನ ಬೆರಳುಗಳ ಮೇಲೆಯೇ ಇತ್ತು. ಬಲಗೈಯನ್ನು ಅವಳು ಮೇಲಕ್ಕೆತ್ತಿದಳು.