ಕೊಟ್ಟಿಗೆಯ ಕಂಬ

ಪುಷ್ಯದ ಮಂಜು ಇನ್ನೂ ಸುರಿಯುತ್ತಿತ್ತು. ಮುಚ್ಚಿಹೋದ ಚಿನ್ನದ ಗಣಿ ಮೈಸೂರು ಮೈನ್ಸ್ ದಾಟಿ ಊರಿಗೆ ಹೋಗುವ ಟಾರು ರಸ್ತೆಯ ಉದ್ದಕ್ಕೂ ರಾಗಿ ತೆನೆ ಹರಡಿದ್ದರು. ಹೋಗಿ ಬರುವ ಗಾಡಿಗಳೇ ಅದನ್ನು ತುಳಿಯಬೇಕು. ತಲೆಗೆ ಟವಲು ಸುತ್ತಿಕೊಂಡ ಹೆಂಗಸರು ಬಸ್ಸು ಹೋದ ಬೆನ್ನಿಗೇ ಬಂದು ಹುಲ್ಲು ಮಗುಚಿ, ಮತ್ತೆ ಬೇಲಿ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸಾಯಿಕುಮಾರ ಸ್ಕೂಟರು ನಿಧಾನ ಮಾಡಿದ.

"ಏ ನೆಟ್ಟಪ್ಪಾ, ಇನ್ನೆರಡು ಸುತ್ತು ಒಡ್ದು ಓಗು. ನಿನ್ನ ನೆಟ್ಟಂತೂ ಬರಲ್ಲ, ರಾಗಿನಾದ್ರೂ ಉದುರ್ಲಿ," ಎಂದಳು ಒಬ್ಬಳು. ಉಳಿದವರು ನಕ್ಕರು.

"ಅದ್ಕೇ ಬಂದಿದ್ದೀನಿ ಕಣಕ್ಕಾ," ಎಂದು ಅವನೂ ನಕ್ಕ.

ಆಂಡರ್ಸನ್‌ಪೇಟೆಯ ಒಂದು ಸಣ್ಣ ಅಂಗಡಿಯಿಂದ ಅವನು ಸುತ್ತಲಿನ ಊರುಗಳಿಗೆ ಇಂಟರ್ನೆಟ್ ಕೊಡುತ್ತಿದ್ದ. ಈ ಊರಿಗೂ ಅಂಗಡಿಗೂ ನಡುವೆ, ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಸಯನೈಡ್ ಮಣ್ಣಿನ ದಿಬ್ಬ ಅಡ್ಡ. ದಿಬ್ಬ ತಪ್ಪಿಸಿ ಸಿಗ್ನಲ್ ಸಿಗುವ ಜಾಗ ಒಂದೇ, ಕೋದಂಡಪ್ಪನ ದನದ ಕೊಟ್ಟಿಗೆ. ಅಲ್ಲಿ ಕಬ್ಬಿಣದ ಪೈಪು ನೆಟ್ಟು, ತುದಿಗೆ ರೇಡಿಯೋ ಕಟ್ಟಿದ್ದ. ಕೋದಂಡಪ್ಪನ ಮನೆಯೊಳಗಿನ ಒಂದು ಡಬ್ಬಿಯಿಂದ ಹೊರಟ ಒಂದೇ ಕೇಬಲ್ಲು ಆ ರೇಡಿಯೋಗೆ ನೆಟ್ಟನ್ನೂ ಕರೆಂಟನ್ನೂ ಎರಡನ್ನೂ ಒಯ್ಯುತ್ತಿತ್ತು. ಮನೆಯ ಕರೆಂಟನ್ನು ಇಪ್ಪತ್ನಾಲ್ಕು ವೋಲ್ಟಿಗೆ ಇಳಿಸುವುದು ಆ ಡಬ್ಬಿಯ ಕೆಲಸ. ದೀಪಾವಳಿಯ ಸಿಡಿಲಿಗೆ ಹಳೆಯವು ಸುಟ್ಟ ಮೇಲೆ, ಬೆಂಗಳೂರಿನಿಂದ ಕಂಪನಿ ಹೆಸರಿಲ್ಲದ ನಲವತ್ತು ಡಬ್ಬಿ ತಂದು ನಲವತ್ತು ಮನೆಗೆ ಹಾಕಿದ್ದ. ಎರಡು ಮನೆಯವರು ಕೇಬಲ್ಲು ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ದೂರಿದ್ದರು. ಒದ್ದೆ ಕೈಯಲ್ಲಿ ಮುಟ್ಟಬೇಡಿ ಎಂದು ಹೇಳಿ ಫೋನಿಟ್ಟಿದ್ದ.

ಕೋದಂಡಪ್ಪನ ಅಂಗಳದಲ್ಲಿ ಜನ ಸೇರಿತ್ತು. ಕೊಟ್ಟಿಗೆಯ ಬಾಯಲ್ಲಿ ದೊಡ್ಡ ಸೀಮೆಹಸು ಕಾಲು ಚಾಚಿ ಸತ್ತುಬಿದ್ದಿತ್ತು. ಬಾಯಲ್ಲಿ ನೊರೆ. ಕೊರಳ ಸರಪಣಿ ಇನ್ನೂ ಪೈಪಿಗೇ ಬಿಗಿದಿತ್ತು. ಗೂಟ ಕಿತ್ತುಹೋಗಿ ತಿಂಗಳಾದರೂ ಹೊಸದು ಹೂಳಿರಲಿಲ್ಲ. ಅದರ ಪಕ್ಕದಲ್ಲೇ, ಸಗಣಿ ಗಂಜಲದ ಕೆಸರಿನಲ್ಲಿ, ದನ ಕಾಯುವ ಕುಪ್ಪುಸ್ವಾಮಿ ಮಂಡಿಯೂರಿದ್ದ. ಕೋದಂಡಪ್ಪ ತೆನೆ ಬಡಿಯುವ ಹೊಂಗೆ ಕೋಲಿನಿಂದ ಅವನ ಬೆನ್ನಿಗೆ ಬಾರಿಸುತ್ತಿದ್ದ.

"ದಿಬ್ಬದ ಕುಂಟೆ ನೀರು ಕುಡಿಸಿದ್ದೀಯ. ಒಪ್ಕೋ!"

"ಇಲ್ಲ ಗೌಡ್ರೇ. ಸತ್ಯಮಾ ಇಲ್ಲ. ದಿಬ್ಬದ ಕಡೀಕೆ ಓಗೇ ಇಲ್ಲ."

"ನೊರೆ ಸುಳ್ಳು ಏಳ್ತದೇನ್ಲಾ?"

ಯಾರೂ ಬಿಡಿಸಲಿಲ್ಲ. ದಿಬ್ಬದ ಬುಡದ ಕುಂಟೆಯಲ್ಲಿ ನಿಂತ ನೀರಿಗೆ ಬಾಯಿಟ್ಟ ದನ ಮನೆಗೆ ಬರುವುದಿಲ್ಲವೆಂದು ಆ ಊರಿನ ಮಕ್ಕಳಿಗೂ ಗೊತ್ತು. ನೊರೆ ಕಂಡರೆ ಸಯನೈಡು, ಸಯನೈಡು ಎಂದರೆ ಕಾಯುವವನ ಸೋಮಾರಿತನ. ದನದ ಡಾಕ್ಟರನ್ನು ಕರೆಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸಾಯಿಕುಮಾರನನ್ನು ಕಂಡು ಕೋದಂಡಪ್ಪನ ಹೆಂಡತಿ ಅಮ್ಮಾಜಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ಐದೂವರೆಗೆ ಆಲು ಕರೆಯಾಕೆ ಬಂದ್ರೆ ಇಂಗೆ ಬಿದ್ದಿತ್ತಪ್ಪ. ಐದಕ್ಕೇ ಕರೆಂಟು ಓಗಿತ್ತು, ಇನ್ನೂ ಬಂದಿಲ್ಲ. ಬ್ಯಾಟ್ರಿ ಬುಟ್ಟು ನೋಡ್ದೆ. ನೀನು ಒಳೀಕ್ ಓಗಿ ನಿನ್ನ ಕೆಲ್ಸ ನೋಡ್ಕೋ. ಇಲ್ಲಿ ನಿಲ್ಬೇಡ."

ಒಳಗೆ ಗೋಡೆಯ ಡಬ್ಬಿ ಊದಿಕೊಂಡಿತ್ತು. ಪ್ಲಾಸ್ಟಿಕ್ಕು ಕಂದಿ, ಸುಟ್ಟ ವಾಸನೆ. ಪ್ಲಗ್ಗು ಕಿತ್ತು ಡಬ್ಬಿ ಬಿಚ್ಚಿ ನೋಡಿದ. ಮನೆಯ ಕರೆಂಟನ್ನು ಬೇರೆಯಾಗಿ ಹಿಡಿಯಬೇಕಿದ್ದ ಭಾಗ ಕರಗಿ ಎರಡೂ ಕಡೆ ಒಂದಾಗಿತ್ತು. ಇಳಿಯದ ಕರೆಂಟು ಕೇಬಲ್ಲಿನ ತಗಡು ಕವಚ ಹಿಡಿದು ಹೋಗಿದೆ. ಅಲ್ಲಿಂದ ರೇಡಿಯೋಗೆ, ಪೈಪಿಗೆ, ಸರಪಣಿಗೆ. ಹಸು ಸತ್ತದ್ದು ಐದಕ್ಕೆ ಮುಂಚೆ, ಕರೆಂಟು ಇದ್ದಾಗ.

ಹೊರಗೆ ಕೋದಂಡಪ್ಪ ಕೂಗಿದ: "ಚಲಪತೀ, ಕಟ್ಲಾ ಇವ್ನ ಕಂಬಕ್ಕೆ!"

ಸಾಯಿಕುಮಾರ ಡಬ್ಬಿಯನ್ನು ಚೀಲಕ್ಕೆ ತುರುಕಿ ಬಾಗಿಲಿಗೆ ಬಂದ. ಕೋದಂಡಪ್ಪನ ತಮ್ಮ ಚಲಪತಿ ಹಸುವಿನ ಕೊರಳಿನಿಂದ ಸರಪಣಿ ಬಿಚ್ಚಿ, ಕುಪ್ಪುಸ್ವಾಮಿಯ ಸೊಂಟಕ್ಕೂ ಪೈಪಿಗೂ ಸೇರಿಸಿ ಸುತ್ತುತ್ತಿದ್ದ. ಪ್ಲಗ್ಗು ಕಿತ್ತಾಗಿದೆ, ಜೀವಕ್ಕೇನೂ ಇಲ್ಲ ಎಂದು ಸಾಯಿಕುಮಾರ ತನಗೇ ಹೇಳಿಕೊಂಡ. ಬಾಯಿಬಿಟ್ಟರೆ ಇನ್ನು ಯಾವ ಊರಿನಲ್ಲೂ ತನ್ನ ಕೇಬಲ್ಲು ಉಳಿಯದು. ಕುಪ್ಪುಸ್ವಾಮಿ ತಲೆಯೆತ್ತಿ ಅವನನ್ನೇ ನೋಡಿದ. ಸಾಯಿಕುಮಾರ ಚೌಕಟ್ಟು ಹಿಡಿದು ನಿಂತ.

ಮೊದಲ ಏಟು ತೊಡೆಗೆ ಬಿತ್ತು. ಎರಡನೆಯದು ಭುಜಕ್ಕೆ. ಮೂರನೆಯದು ಮುಖಕ್ಕೆ ಬರುತ್ತಿದ್ದಾಗ ಕುಪ್ಪುಸ್ವಾಮಿ ಬಲಗೈ ಅಡ್ಡ ಹಿಡಿದ. ಒಣ ತೊಗರಿಕಡ್ಡಿ ಮುರಿದಂತೆ ಸದ್ದಾಯಿತು. ಮೊಣಕೈ ಕೆಳಗೆ ಇನ್ನೊಂದು ಕೀಲು ಮೂಡಿದ ಹಾಗೆ ಕೈ ಬಗ್ಗಿತು. ಕೋದಂಡಪ್ಪನ ಕೋಲು ನಿಲ್ಲಲಿಲ್ಲ. ಅದೇ ಕೈಯ ಮೇಲೆ ಮತ್ತೊಂದು ಬಿತ್ತು. ಕುಪ್ಪುಸ್ವಾಮಿಯ ಬಾಯಿಂದ ಬಂದ ಕೂಗಿಗೆ ಒಳಗಿನ ದನಗಳು ಹಗ್ಗ ಜಗ್ಗಿದವು.

ಆಗ ಅಂಗಳದ ಮೂಲೆಯಲ್ಲಿ ಬೋರಿನ ಮೋಟಾರು ಗುರ್ರೆಂದಿತು. ಕರೆಂಟು ಬಂದಿತ್ತು. ತಾನು ದಾರಿಯಲ್ಲಿ ಒಂದು ಟೀ ಕುಡಿಯಲು ನಿಂತಿದ್ದರೆ ಪ್ಲಗ್ಗು ಇನ್ನೂ ಗೋಡೆಯಲ್ಲೇ ಇದ್ದು, ಈ ಮನುಷ್ಯ ಇಷ್ಟು ಹೊತ್ತಿಗೆ ಹಸುವಿನ ಪಕ್ಕ ಸತ್ತು ಬಿದ್ದಿರುತ್ತಿದ್ದ ಎಂದು ಸಾಯಿಕುಮಾರನಿಗೆ ಹೊಳೆಯಿತು.

"ನಿಲ್ಸಿ!" ಎಂದು ಕಿರುಚಿದ. "ಬಿಚ್ಚಿ ಅವ್ನ! ಹಸ ಸತ್ತಿದ್ದು ನನ್ನಿಂದ. ಕಂಬದಾಗೆ ಕರೆಂಟು ಓಡ್ದದೆ!"

ಕೋದಂಡಪ್ಪ ಏದುಸಿರು ಬಿಡುತ್ತ ತಿರುಗಿದ. "ಈ ಕೇಬಲ್ಲನ್ನ ಮಗು ನೆಕ್ಕಿದ್ರೂ ಏನೂ ಆಗಲ್ಲ ಅಂದೋನು ನೀನೇ ಅಲ್ವೇನ್ಲಾ?"

"ಅಂದಿದ್ದೆ."

ಅವನೇ ಓಡಿಬಂದು ಸರಪಣಿ ಬಿಚ್ಚಿದ. ಕುಪ್ಪುಸ್ವಾಮಿಯನ್ನು ಎಳೆದು ಗೋದಲಿಯ ಕಟ್ಟೆಗೆ ಒರಗಿಸಿದ. ಎಲ್ಲರನ್ನೂ ದೂರ ನಿಲ್ಲಿಸಿ, ಒಳಗೆ ಹೋಗಿ ಡಬ್ಬಿಯನ್ನು ಮತ್ತೆ ಸಿಕ್ಕಿಸಿ ಬಂದು, ಟೆಸ್ಟರನ್ನು ಪೈಪಿಗೆ ತಾಗಿಸಿದ. ಟೆಸ್ಟರಿನ ಒಳಗೆ ಕೆಂಪಗೆ ಹೊತ್ತಿತು. ಹಿಂದೆಯೇ ಓಡಿಹೋಗಿ ಪ್ಲಗ್ಗು ಕಿತ್ತುಬಂದ.

ಕೋದಂಡಪ್ಪ ಹಸುವನ್ನು ನೋಡಿದ, ಸರಪಣಿಯನ್ನು ನೋಡಿದ. ಎರಡು ಹೆಜ್ಜೆ ಬಂದು ಸಾಯಿಕುಮಾರನ ಬಾಯಿಗೆ ಮುಷ್ಟಿಯಿಂದ ಗುದ್ದಿದ. ಅವನು ಕೆಸರಿಗೆ ಬಿದ್ದ. ಬಿದ್ದವನ ಪಕ್ಕೆಗೆ ಚಲಪತಿ ಒದ್ದ. ತುಟಿ ಸೀಳಿ ರಕ್ತ ಗದ್ದಕ್ಕೆ ಇಳಿಯಿತು.

ಆಮೇಲೆ ಕೋದಂಡಪ್ಪ ಕೋಲನ್ನು ಕುಪ್ಪುಸ್ವಾಮಿಯ ಮುಂದೆ ಹಿಡಿದ. ದನಿ ಈಗ ಬೇರೆಯಾಗಿತ್ತು. "ತಗೋ ಕುಪ್ಪಾ. ಎಲ್ಲಾ ಇವ್ನಿಂದಾನೇ ಆಗಿದ್ದು. ನಿನ್ನ ಕೈ ಓಗಿದ್ದೂ ಇವ್ನಿಂದಾನೇ. ಸಾಯಂಗೆ ಒಡಿ, ನಾನು ಕೇಳಲ್ಲ."

ಕುಪ್ಪುಸ್ವಾಮಿ ಎಡಗೈಯಲ್ಲಿ ಕೋಲು ಹಿಡಿದು, ಅದನ್ನೇ ಊರಿ ಎದ್ದ. ಬಲಗೈ ಸೀಸದಂತೆ ನೇತಾಡುತ್ತಿತ್ತು. ಸಾಯಿಕುಮಾರನ ಎದುರು ಬಂದು ನಿಂತ.

"ಬಾಗ್ಲಾಗೆ ನಿಂತಾಗ ನಿಂಗೆ ಗೊತ್ತಿತ್ತಾ ಸಾಮಿ?"

ಇಲ್ಲ ಎನ್ನಬಹುದಿತ್ತು. ಸಾಯಿಕುಮಾರ ಎದ್ದು ನಿಂತು ರಕ್ತ ಉಗಿದ. "ಗೊತ್ತಿತ್ತು."

"ನೀನು ಬಾಗ್ಲಿಗೆ ಬಂದ್ಮೇಲೆ ನಾಕು ಬಿತ್ತು. ಎಣಿಸ್ಕೊಂಡಿದ್ದೀನಿ. ಅಷ್ಟು ನಿಂದು."

"ಔದು. ಒಡಿ."

ಎಡಗೈಯ ಏಟಿಗೆ ಗುರಿ ಇರಲಿಲ್ಲ. ಮೊದಲನೆಯದು ಸೊಂಟಕ್ಕೆ ಜಾರಿತು. ಎರಡನೆಯದು ಭುಜಕ್ಕೆ. ಪ್ರತಿ ಬೀಸಿಗೂ ಮುರಿದ ಕೈ ಅಲುಗಿ ಕುಪ್ಪುಸ್ವಾಮಿಯೇ ಮುಲುಗುತ್ತಿದ್ದ. ನಿಂತು, ಉಸಿರು ತಗೊಂಡು, ಮತ್ತೆ ಎತ್ತುತ್ತಿದ್ದ. ಮೂರನೆಯದು ಕಿವಿಯ ಮೇಲೆ ಬಿದ್ದು ಸಾಯಿಕುಮಾರನಿಗೆ ಕಣ್ಣು ಕತ್ತಲಿಟ್ಟಿತು. ಅಮ್ಮಾಜಮ್ಮ "ಸಾಕು ಬುಡಪ್ಪೋ" ಎಂದಳು. ಕುಪ್ಪುಸ್ವಾಮಿ ನಾಲ್ಕನೆಯದನ್ನೂ ಹೊಡೆದ. ಐದನೆಯದು ಹೊಡೆಯಲಿಲ್ಲ.

ಸಾಯಿಕುಮಾರ ಗೋಡೆಗೆ ಕೈಕೊಟ್ಟು ಫೋನು ತೆಗೆದ. ಮೂವತ್ತೊಂಬತ್ತು ಮನೆ ಉಳಿದಿದ್ದವು. ಊದಿದ ಬಾಯಿಂದ ಮೊದಲ ಮನೆಯವರಿಗೆ ಹೇಳುತ್ತಿದ್ದ: "ಡಬ್ಬಿ ಪ್ಲಗ್ಗು ಕೀಳಿ. ಈಗ್ಲೇ. ಕೇಬಲ್ಲು ಮುಟ್ಬೇಡಿ. ಔದು, ನಂದೇ ತಪ್ಪು."

ಕುಪ್ಪುಸ್ವಾಮಿ ಕೋದಂಡಪ್ಪನ ಕಡೆ ತಿರುಗಿದ. ಚಲಪತಿ ಅಣ್ಣನ ಮುಂದೆ ಬಂದು ನಿಂತ.

"ಗೌಡ," ಎಂದ ಕುಪ್ಪುಸ್ವಾಮಿ. ಇಪ್ಪತ್ತು ವರ್ಷದಲ್ಲಿ ಅವನು ಆ ಹೆಸರನ್ನು 'ರೇ' ಇಲ್ಲದೆ ಕರೆದದ್ದು ಅದೇ ಮೊದಲು. "ನಿನ್ನ ಲೆಕ್ಕ ದೊಡ್ಡದು. ಎಡಗೈಯಾಗೆ ಆಗಲ್ಲ."

ಕೋಲನ್ನು ಬೀಳಿಸದೆ, ಮನೆಯ ಗೋಡೆಗೆ ನೆಟ್ಟಗೆ ಒರಗಿಸಿ, ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಅಂಗಳ ದಾಟಿದ.