ಹನ್ನೆರಡು ಸೀಟಿನ ಬೋಟು

ಬೋಟು ದಾಕ್ಷಾಯಿಣಿಯ ಆಸೆಯಾಗಿತ್ತು. ದಾಂಡೇಲಿ ಕಡೆ ಹಿನ್ನೀರಿನ ದಂಡೆಯಲ್ಲಿ ಗಂಡ ಗುರುಪಾದ ಜಾಗ ತೆಗೆದುಕೊಂಡ ದಿನವೇ ಕೇಳಿದ್ದಳು: ಒಂದು ಸಣ್ಣ ಬೋಟು, ಅದರಲ್ಲಿ ಗಂಡ, ತಾನು, ಮಗಳು ಸೌಮ್ಯಾ. ಮದುವೆಯಾಗಿ ಇಪ್ಪತ್ತೆರಡು ವರ್ಷ. ಒಮ್ಮೆಯೂ ಆಕೆ ಮನೆಯವರ ಸಾಲಿನಲ್ಲಿ ಕೂತು ಉಂಡದ್ದಿಲ್ಲ. ಆ ಮನೆಯಲ್ಲಿ ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬೀಳಬೇಕು. ಡಬ್ಬಿಯ ರೊಟ್ಟಿಯನ್ನು ಗಂಡಸರು ಮುಟ್ಟುವುದಿಲ್ಲ. ನೀರಿನ ಮೇಲೆ ಒಲೆ ಇರುವುದಿಲ್ಲ ಎಂಬುದೇ ಆಕೆಯ ಸುಖದ ಲೆಕ್ಕಾಚಾರವಾಗಿತ್ತು.

ಗಬ್ಬೂರ ಬೈಪಾಸಿನ ಹತ್ತಿರ ಗುಲಾಬಸಾಬನ ಶೆಡ್ಡಿನಲ್ಲಿ ಎರಡು ಹಳೆಯ ಬೋಟು ಮಾರಾಟಕ್ಕೆ ನಿಂತಿದ್ದವು. ಒಂದಕ್ಕೆ ನಾಲ್ಕು ಸೀಟು. ಇನ್ನೊಂದಕ್ಕೆ ಹನ್ನೆರಡು, ಕೆಳಗೊಂದು ಗೂಡಿನಂಥ ಕೋಣೆ.

"ಅಕ್ಕಾರ, ಮೂರ ಮಂದಿಗೆ ಸಣ್ಣದ ಛಲೋರಿ," ಎಂದ ಗುಲಾಬಸಾಬ.

"ಅದೇನ ಬೋಟಾ ಸಾಬರ? ಎಮ್ಮಿಗೆ ನೀರಿಡೂ ಬಾನಿ!" ಮೈದುನ ಅಮರೇಶ ನಕ್ಕು, ಗುಟ್ಕಾ ಗೋಡೆಗೆ ಉಗಿದ. ಕೆಂಪು ಎಂಜಲು ನಿಧಾನಕ್ಕೆ ಕೆಳಗಿಳಿಯಿತು. ಆಮೇಲೆ ಕಾರಿನ ಡಿಕ್ಕಿಯಿಂದ ಏನೋ ತಂದ. ನೋಡಿದರೆ ಆಕೆಯದೇ ರೊಟ್ಟಿ ಹಂಚು! ಬೆಳಿಗ್ಗೆ ಅಣ್ಣ ತಮ್ಮ ಹೇಳದೆ ಕೇಳದೆ ಅಡುಗೆಮನೆಯಿಂದ ಎತ್ತಿಕೊಂಡು ಬಂದಿದ್ದರು.

ಗುರುಪಾದ ದೊಡ್ಡ ಬೋಟಿನ ಕೆಳಕೋಣೆಯಲ್ಲಿದ್ದ ಒಲೆಯ ಮೇಲೆ ಅದನ್ನಿಟ್ಟು ನೋಡಿದ. "ಬರೋಬ್ಬರಿ ಕುಂತೈತಿ! ದಾಕ್ಷಾಯಿಣಿ, ಇಳದ ನೋಡ ಬಾ."

ಅವನು ಮೇಲೆ ಬಂದ ಮೇಲೆ ಆಕೆ ಇಳಿದಳು. ತಲೆ ಎತ್ತಿ ನಿಲ್ಲುವಷ್ಟು ಎತ್ತರವಿಲ್ಲ. ಒಲೆಯ ಸುತ್ತ ಯಾರದೋ ಹಳೆಯ ಎಣ್ಣೆ ಅಂಟುಗಟ್ಟಿ, ಅದರಲ್ಲೊಂದು ಉದ್ದ ಕೂದಲು ಹೂತಿತ್ತು. ಒಲೆಗೆ ಒತ್ತಿಕೊಂಡೇ ಪ್ಲಾಸ್ಟಿಕ್ ಪರದೆ, ಪರದೆಯ ಹಿಂದೆ ಸಂಡಾಸು. ಉಸಿರು ಬಿಗಿಹಿಡಿದಳು.

"ವೈನಿ, ಮ್ಯಾಲ ಕಿಡಕಿ ಐತಿ ನೋಡ್ರಿ," ಅಮರೇಶನ ದನಿ. "ರೊಟ್ಟಿ ಅದರಾಗಿಂದ ಕೊಟ್ರ ಆತು. ನೀವು ಎದ್ದ ಬರೂದೂ ಬ್ಯಾಡ."

ಕಿಂಡಿಯಿಂದ ಗಂಡನ ಕೈ ಕೆಳಗಿಳಿಯಿತು. ದಾರಿಯಲ್ಲಿ ತಿಂದ ಮಿರ್ಚಿಯ ಎಣ್ಣೆ ಇನ್ನೂ ಮಿನುಗುತ್ತಿತ್ತು. ಬೆರಳುಗಳು ತಮಾಷೆಗೆ ಕುಣಿಯುತ್ತಿದ್ದವು. "ತಾ ತಾ, ಲಗೂ ತಾ, ಬಿಸಿ ಇರಲಿ!" ಮೇಲೆ ಅಣ್ಣ ತಮ್ಮ ಇಬ್ಬರೂ ನಕ್ಕರು. ಮುಖವಿಲ್ಲದ ಆ ಕೈಯನ್ನೇ ಆಕೆ ನೋಡಿದಳು. ಇಪ್ಪತ್ತೆರಡು ವರ್ಷ ತಾನು ರೊಟ್ಟಿ ಬಡಿದು ಹಾಕಿದ್ದು ಈ ಕೈಗೇ.

ಮೇಲೆ ಬಂದಾಗ ಗುರುಪಾದ ಗುಲಾಬಸಾಬನಿಗೆ ಹೇಳುತ್ತಿದ್ದ: "ದೊಡ್ಡದ ಫಿಕ್ಸ್. ಬೋಟಿನ ಮುಂದ ಇಕಿ ಹೆಸರ ಬರಸ್ರಿ, ದೊಡ್ಡ ಅಕ್ಷರದಾಗ. ಇಕಿ ಸಲುವಾಗೇ ಅಲ್ಲೇನು!"

"ನನ್ನ ಹೆಸರ ಬ್ಯಾಡ್ರಿ," ಎಂದಳು ದಾಕ್ಷಾಯಿಣಿ. "ದೊಡ್ಡದ ಬೇಕಾದ್ರ ತಗೋರಿ. ನಾ ಹತ್ತಂಗಿಲ್ಲ."

ಗುರುಪಾದ ತಬ್ಬಿಬ್ಬಾದ. ಯಾಕೆ ಎಂದು ಕೇಳುತ್ತಾನೆಂದು ಆಕೆ ಕಾದಳು.

"ಹಂಗಾರ ರೊಟ್ಟಿ ಯಾರ ಬಡೀತಾರ?"

ಅದೂ ನಿಜವಾದ ಚಿಂತೆಯಿಂದ ಕೇಳಿದ. ದಾಕ್ಷಾಯಿಣಿ ಸಣ್ಣ ಬೋಟಿನ ಕಡೆ ನಡೆದಳು. ಗುಲಾಬಸಾಬ ಹೆಗಲ ಮೇಲಿನ ಟವೆಲ್ಲಿನಿಂದ ಮುಂದಿನ ಸೀಟಿನ ಧೂಳು ಒರೆಸಿಕೊಟ್ಟ. ಹತ್ತಿ ಕೂತಳು.

"ಇಳಿ ಕೆಳಗ. ಮಂದಿ ನೋಡಾಕತ್ತಾರ," ಎಂದ ಗುರುಪಾದ.

"ನೋಡಲಿ," ಎಂದಳು ಆಕೆ.