ಕೋಳಿ ಕಡಿದ ಹೊತ್ತು

ಪ್ರಯೋಗಾಲಯದ ಗಾಡಿ ಓಡಿಸುವ ಮುದುಕನನ್ನು ಅಲ್ಲಿ ಎಲ್ಲರೂ ಅಜ್ಜ ಎಂದೇ ಕರೆಯುತ್ತಿದ್ದರು. ಅವನು ಬೆಳಗಾದರೆ ಮಾಡುವ ಕೆಲಸವನ್ನು ಹೊರಗಿನವರಿಗೆ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಊರಾಚೆಯ ಕೋಳಿ ಕಸಾಯಿಖಾನೆಗೆ ಹೋಗುವುದು, ಆಗತಾನೇ ಕಡಿದ ಕೋಳಿಗಳ ತಲೆಗಳನ್ನು ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಹಾಸಿದ ಡಬ್ಬಿಯಲ್ಲಿ ಜೋಡಿಸಿಕೊಳ್ಳುವುದು, ಕಡಿದ ಹೊತ್ತನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸುವುದು, ಎಲ್ಲೂ ನಿಲ್ಲದೆ ತಂದು ಡಾಕ್ಟರಮ್ಮನ ಕೈಗೆ ಒಪ್ಪಿಸುವುದು. ಕಡಿದ ಎರಡು ಗಂಟೆಯೊಳಗೆ ಆ ತಲೆಗಳ ಕಣ್ಣುಗಳು ಯಂತ್ರದ ಮೇಲೆ ಕೂತಿರಬೇಕು. ಹೊತ್ತು ಮೀರಿದರೆ ಅವು ಕಸದ ಬುಟ್ಟಿಗೆ.

ಡಾಕ್ಟರಮ್ಮ ಎಂದರೆ ಕಾಯಿಲೆ ನೋಡುವ ಡಾಕ್ಟರಲ್ಲ. ಕಾರ್ಖಾನೆಗಳಲ್ಲಿ ಬಳಸುವ ದ್ರಾವಣಗಳು ಮನುಷ್ಯನ ಚರ್ಮವನ್ನೂ ಕಣ್ಣನ್ನೂ ಸುಡುತ್ತವೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿ ಹೇಳುವವರು. ಅವರು ಬರುವುದಕ್ಕೆ ಮುಂಚೆ ಆ ಕಟ್ಟಡದಲ್ಲಿ ಮೊಲಗಳಿದ್ದವು. ಕತ್ತು ಮಾತ್ರ ಹೊರಗಿರುವ ಪೆಟ್ಟಿಗೆಗಳಲ್ಲಿ ಸಾಲಾಗಿ ಕೂರಿಸಿ, ಬದುಕಿರುವ ಕಣ್ಣಿಗೇ ದ್ರಾವಣ ಬಿಡುತ್ತಿದ್ದರು. ಆ ದಿನಗಳಲ್ಲಿ ಅಜ್ಜನ ಹೆಂಡತಿ, "ಅಲ್ಲಿಂದ ಬಂದವರು ಸ್ನಾನ ಮಾಡದೆ ಒಳಗೆ ಕಾಲಿಡಬೇಡಿ" ಎನ್ನುತ್ತಿದ್ದಳು. ಡಾಕ್ಟರಮ್ಮ ಮೂರು ವರ್ಷ ಮೇಲಿನವರ ಬೆನ್ನು ಬಿದ್ದು ಆ ಪೆಟ್ಟಿಗೆಗಳನ್ನು ತೆಗೆಸಿದರು. ಊಟಕ್ಕೆಂದು ಹೇಗೂ ಕಡಿಯುವ ಕೋಳಿ, ಹೇಗೂ ಬಿಸಾಡುವ ತಲೆ. ಅದು ಸಾಕು ಎಂದರು. ಅಂದಿನಿಂದ ಅಜ್ಜ ದೇವರಿಗೆ ಕೈಮುಗಿಯುವಾಗ ಅವರ ಹೆಸರನ್ನೂ ಸೇರಿಸಿಕೊಳ್ಳುತ್ತಿದ್ದ.

ಹೆಂಡತಿ ತೀರಿಕೊಂಡು ಆಗ ಐದು ವಾರ. ಕೆಲಸಕ್ಕೆ ಬಂದರೆ ಮನೆಯ ಮೌನ ಸ್ವಲ್ಪ ದೂರವಾಗುತ್ತದೆ ಎಂದು ಅಜ್ಜ ರಜೆ ಮುಗಿಯುವ ಮೊದಲೇ ಬಂದುಬಿಟ್ಟಿದ್ದ.

ಆ ದಿನ ಕಸಾಯಿಖಾನೆಗೆ ಹೋದಾಗ, ತಲೆ ಎತ್ತಿಕೊಡುವ ಮೀಸೆಯವನು ಬಾಗಿಲಲ್ಲೇ ನಿಂತಿದ್ದ. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ.

"ತಗೋ ಅಣ್ಣ, ತೆಗೆದಿಟ್ಟಿದ್ದೀನಿ. ಆ ವಾಸನೇಲಿ ನಿಂತ್ಕೊಂಡು ಕಾಯೋದು ಬೇಡ ನೀನು."

"ನಿನ್ನ ಮೀಸೆ ವಾಸನೆಗಿಂತ ಅದೇ ವಾಸಿ ಕಣೋ" ಎಂದ ಅಜ್ಜ. ಐದು ವಾರದಲ್ಲಿ ಅವನ ಬಾಯಿಂದ ಬಂದ ಮೊದಲ ತಮಾಷೆ ಅದು. ಮೀಸೆಯವನಿಗೆ ಅಷ್ಟು ಖುಷಿಯಾಯಿತೆಂದರೆ ಗಾಡಿಯವರೆಗೂ ಬಂದು ಬೀಳ್ಕೊಟ್ಟ. ಅಜ್ಜ ತಲೆಗಳನ್ನು ಡಬ್ಬಿಗೆ ಜೋಡಿಸಿ, ದಿನವೂ ಬರೆಯುವಂತೆ ಚೀಟಿಯಲ್ಲಿ ಎಂಟು ಗಂಟೆ ಐದು ನಿಮಿಷ ಎಂದು ಬರೆದು ಅಂಟಿಸಿದ.

ಅಂದಿನ ಪರೀಕ್ಷೆ ಡ್ರಮ್ಮು ತೊಳೆಯುವ ಒಂದು ದ್ರಾವಣದ್ದು. ತಯಾರಿಸುವ ಕಂಪನಿಯ ಸ್ವಂತ ಶೆಡ್ಡಿನಲ್ಲೇ ಅರವತ್ತು ಜನ ಅದರ ತೊಟ್ಟಿಯಲ್ಲಿ ಕೈ ಆಡಿಸುತ್ತಿದ್ದರು. ಈಗ ಹೊರಗೂ ಮಾರುವ ಯೋಚನೆಯಿದ್ದುದರಿಂದ ಡ್ರಮ್ಮಿನ ಮೇಲೆ ಯಾವ ಎಚ್ಚರಿಕೆ ಅಂಟಿಸಬೇಕೆಂದು ಗೊತ್ತಾಗಬೇಕಿತ್ತು. ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮದ ಬಿಲ್ಲೆಗಳ ಮೇಲೆ ಪರೀಕ್ಷೆ ಹಿಂದಿನ ವಾರವೇ ಮುಗಿದಿತ್ತು: ಚರ್ಮಕ್ಕೆ ಉರಿ ಬರುತ್ತದೆ, ಸುಡುವುದಿಲ್ಲ. ಉಳಿದದ್ದು ಕಣ್ಣು. ಕಣ್ಣಿಗೂ ಬರೀ ಉರಿ ಎಂದಾದರೆ ಸಣ್ಣದೊಂದು ಚೀಟಿ ಸಾಕು. ಸುಡುತ್ತದೆ ಎಂದಾದರೆ ಅರವತ್ತು ಜನಕ್ಕೂ ಕಣ್ಣು ಕಾಯುವ ಕನ್ನಡಕ, ತೊಟ್ಟಿಯ ಪಕ್ಕದಲ್ಲೇ ಕಣ್ಣು ತೊಳೆಯುವ ನಲ್ಲಿ, ಅದು ಆಗುವವರೆಗೆ ಕೆಲಸ ಬಂದ್.

ಫಲಿತಾಂಶ ಕೇಳಲು ಕಂಪನಿಯ ಸಾಹೇಬರು ತಾವೇ ಬಂದು ಕೂತಿದ್ದರು. "ಬರೀ ಸೋಪಿನ ನೀರು ಮೇಡಂ. ನಮ್ಮ ಹೆಂಗಸರು ಅದರಲ್ಲೇ ಬಳೆ ತೊಳ್ಕೋತಾರೆ" ಎಂದು ಎರಡು ಸಲ ಹೇಳಿದರು. ಡಾಕ್ಟರಮ್ಮ ಎರಡು ಸಲವೂ "ನೋಡೋಣ ಸಾರ್" ಎಂದರು.

ಅಜ್ಜ ಗಾಜಿನ ಆಚೆಯಿಂದ ನೋಡುತ್ತಿದ್ದ. ಎಷ್ಟು ವರ್ಷ ನೋಡಿದರೂ ಅವನಿಗೆ ಬೇಸರವಾಗದ ನೋಟ ಅದು. ಡಾಕ್ಟರಮ್ಮ ಒಂದೊಂದೇ ಕಣ್ಣನ್ನು ಸಣ್ಣ ಕತ್ತರಿಯಿಂದ ಬಿಡಿಸಿ ಹಿಡಿಕೆಯಲ್ಲಿ ಕೂರಿಸುತ್ತಿದ್ದರು. ಅದರ ಮೇಲೆ ಉಪ್ಪುನೀರು ಹನಿಹನಿಯಾಗಿ ಇಳಿಯುತ್ತಿತ್ತು. ಹಳದಿ ಬಣ್ಣದ ಹನಿ ಬಿಟ್ಟು ಗೀರು ಇದೆಯೇ ಎಂದು ನೋಡಿ, ಗೀರು ಕಂಡದ್ದನ್ನು ಪಕ್ಕಕ್ಕೆ ಇಡುತ್ತಿದ್ದರು. ಬೆರಳುಗಳಲ್ಲಿ ಅವಸರವಿಲ್ಲ, ತಡವೂ ಇಲ್ಲ. ಒಳ್ಳೆಯ ಕಣ್ಣುಗಳಲ್ಲಿ ಮೂರಕ್ಕೆ ದ್ರಾವಣದ ಹನಿ, ಒಂದಕ್ಕೆ ಬರೀ ಉಪ್ಪುನೀರು. ಹತ್ತು ಸೆಕೆಂಡು ಎಣಿಸಿ ತೊಳೆದುಬಿಟ್ಟರು. ಆಮೇಲೆ ನಾಲ್ಕು ಗಂಟೆ ಕಾಲ ಆಗಾಗ, ಕಣ್ಣನ್ನು ದೊಡ್ಡದಾಗಿ ತೋರಿಸುವ ದೀಪದ ಯಂತ್ರದಲ್ಲಿ ಇಣುಕಿ ಬರೆದುಕೊಳ್ಳುವುದು.

ಮಧ್ಯಾಹ್ನ ಅಜ್ಜ ಮರುದಿನದ ತಲೆಗಳಿಗೆ ಹೇಳಿಡಲು ಮೀಸೆಯವನಿಗೆ ಫೋನು ಮಾಡಿದ.

"ನಾಳೆನೂ ಬೇಗನೇ ತೆಗೆದಿಡ್ಲಾ ಅಣ್ಣ?"

"ಬೇಗ ಅಂದ್ರೆ?"

"ಇವತ್ತಿನ ಹಾಗೇ. ಮೊದಲನೇ ಪಾಳಿ ಆರೂವರೆಗೆ ಕಡಿಯುತ್ತಲ್ಲ, ಅದರಲ್ಲೇ ತೆಗೆದಿಟ್ಟಿದ್ದೆ. ನೀನು ಕಾಯೋದು ತಪ್ಪಲಿ ಅಂತ."

ಅಜ್ಜ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆರೂವರೆ. ಕಣ್ಣುಗಳು ಯಂತ್ರಕ್ಕೆ ಹೋದದ್ದು ಒಂಬತ್ತೂ ಮುಕ್ಕಾಲಿಗೆ. ಮೂರು ಗಂಟೆ ದಾಟಿತ್ತು. ಚೀಟಿಯ ಮೇಲಿರುವುದು ಅವನ ಕೈಬರಹ. ಕೇಳದೇ ಬರೆದ ಹೊತ್ತು.

ಮೀಸೆಯವನನ್ನು ಬೈಯಲು ಬಾಯಿ ಬರಲಿಲ್ಲ. "ಬೇಡ ಕಣಪ್ಪ, ನಾಳೆ ನಾನೇ ನಿಂತ್ಕೋತೀನಿ" ಎಂದು ಫೋನು ಇಟ್ಟ. ಗೋಡೆಗೆ ಒರಗಿ ನಿಂತು, ದೇವರೇ, ಸುಮ್ಮನಿದ್ದರೆ ಯಾರಿಗೂ ತಿಳಿಯದು, ಎಂದುಕೊಂಡ. ಹೇಳಿದ್ದು ದೇವರಿಗೇ ಎಂದು ನೆನಪಾಗಿ ನಾಚಿಕೆಯಾಯಿತು. ಒಳಗೆ ಹೋದ.

ಡಾಕ್ಟರಮ್ಮ ಕೊನೆಯ ಸಲ ಇಣುಕಿ ತಲೆ ಎತ್ತಿದ್ದರು. "ಮೂರೂ ಬೆಳ್ಳಗಾಗಿವೆ ಸಾರ್. ಇದು ಕಣ್ಣನ್ನು ಸುಡುತ್ತೆ." ಸಾಹೇಬರ ಮುಖ ಕಪ್ಪಿಟ್ಟಿತು.

"ಅಮ್ಮಾ" ಎಂದ ಅಜ್ಜ. "ಚೀಟಿಯಲ್ಲಿ ಬರೆದ ಹೊತ್ತು ತಪ್ಪು. ಕೋಳಿ ಕಡಿದದ್ದು ಆರೂವರೆಗೆ. ನಾನು ಕೇಳಲಿಲ್ಲ."

ಸಾಹೇಬರು ಕುರ್ಚಿಯಿಂದ ಎದ್ದರು. "ನೋಡಿದ್ರಾ! ಹಳಸಿದ ಕಣ್ಣು ತಂದು ನಮ್ಮ ಮಾಲಿಗೆ ಮಸಿ ಬಳೀತಿದ್ರಿ. ಹಾಗಾದ್ರೆ ನಮ್ಮದು ಬರೀ ಸೋಪಿನ ನೀರೇ ಅಂತಾಯ್ತು."

ಬರೀ ಉಪ್ಪುನೀರು ಬಿಟ್ಟಿದ್ದ ಕಣ್ಣು ಇನ್ನೂ ಸ್ವಚ್ಛವಾಗಿಯೇ ಇತ್ತು. ಅದನ್ನು ತೋರಿಸಿ ವಾದ ಮಾಡಿದ್ದರೆ ಸಾಹೇಬರ ಬಾಯಿ ಕಟ್ಟುತ್ತಿತ್ತೇನೋ. ಡಾಕ್ಟರಮ್ಮ ವಾದ ಮಾಡಲಿಲ್ಲ. ಲೇಖನಿ ತೆಗೆದುಕೊಂಡು ಇಡೀ ದಿನದ ಬರಹದ ಮೇಲೆ ಅಡ್ಡಗೀಟು ಎಳೆದರು, ಪಕ್ಕದಲ್ಲಿ ಕಾರಣ ಬರೆದರು, ಸಹಿ ಹಾಕಿದರು. ಗೀಟಿನ ಕೆಳಗಿನ ಅಕ್ಷರಗಳು ಓದಲು ಬರುವಂತೆಯೇ ಇದ್ದವು.

"ಸೋಪಿನ ನೀರು ಅಂತಲೂ ಆಗಲಿಲ್ಲ ಸಾರ್, ಸುಡುತ್ತೆ ಅಂತಲೂ ಆಗಲಿಲ್ಲ. ಇವತ್ತು ನಮಗೆ ಏನೂ ಗೊತ್ತಾಗಲಿಲ್ಲ. ನಾಳೆ ಬನ್ನಿ."

ಸಾಹೇಬರು ಹೋದ ಮೇಲೆ ಅಜ್ಜ ಬೈಗುಳಕ್ಕೆ ಕಾದು ನಿಂತ. ಡಾಕ್ಟರಮ್ಮ ಕೈಗವಸು ಕಳಚುತ್ತ, "ಮೀಸೆ ಮಹಾಶಯರ ಕೆಲಸ ತಾನೇ?" ಎಂದರು.

"ಒಳ್ಳೇದಕ್ಕೇ ಮಾಡಿದ ಅಮ್ಮ. ತಪ್ಪು ನನ್ನದು."

"ಹೌದು, ನಿಮ್ಮದು. ಆದರೆ ನೀವು ಬಂದು ಹೇಳದೇ ಇದ್ದಿದ್ರೆ ಅಜ್ಜ, ಇನ್ನು ಮೇಲೆ ಈ ಕಟ್ಟಡದಿಂದ ಹೋಗೋ ಒಂದು ಕಾಗದಾನೂ ನಾನು ನಂಬೋ ಹಾಗಿರಲಿಲ್ಲ. ಊಟ ಮಾಡಿದ್ರಾ?"

ಇಲ್ಲವೆಂದು ಅವನು ತಲೆಯಾಡಿಸಿದ. ಅವರು ತಮ್ಮ ಊಟದ ಡಬ್ಬಿಯನ್ನು ಮುಂದೆ ತಳ್ಳಿದರು. ಅವರೂ ಬೆಳಗ್ಗಿನಿಂದ ಊಟ ಮಾಡಿರಲಿಲ್ಲವೆಂದು ಡಬ್ಬಿಯ ಭಾರದಿಂದ ಅಜ್ಜನಿಗೆ ತಿಳಿಯಿತು. ಇಬ್ಬರೂ ಹಂಚಿಕೊಂಡು ತಿಂದರು.

ಮರುದಿನ ಅಜ್ಜ ಕಸಾಯಿಖಾನೆಯ ಒಳಗೇ ನಿಂತು, ಗಡಿಯಾರ ನೋಡಿಕೊಂಡು, ಮೀಸೆಯವನಿಂದಲೂ ಚೀಟಿಗೆ ಸಹಿ ಹಾಕಿಸಿಕೊಂಡು ಬಂದ. ಕಡಿದು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಕಣ್ಣುಗಳು ಯಂತ್ರದ ಮೇಲಿದ್ದವು. ಡಾಕ್ಟರಮ್ಮ ನಿನ್ನೆಯದನ್ನು ಕಂಡೇ ಇಲ್ಲವೆಂಬಂತೆ ಮೊದಲಿನಿಂದ ಮಾಡಿದರು: ಅದೇ ಹಳದಿ ಹನಿ, ಅದೇ ಎಣಿಕೆ, ಅದೇ ನಿಧಾನ. ಪಲ್ಲವಿ ಗೊತ್ತಿದ್ದರೂ ಶ್ರುತಿ ಮಾಡಿಕೊಳ್ಳದೆ ಹಾಡದ ದೊಡ್ಡ ಗಾಯಕರ ಹಾಗೆ ಕಂಡರು ಅಜ್ಜನಿಗೆ.

ಸಂಜೆ ಅವರು ಸಾಹೇಬರನ್ನು ದೀಪದ ಯಂತ್ರದ ಮುಂದೆ ಕೂರಿಸಿದರು. "ನೀವೇ ನೋಡಿ ಸಾರ್."

ಸಾಹೇಬರು ಮೊದಲು ಉಪ್ಪುನೀರಿನ ಕಣ್ಣು ನೋಡಿದರು, ತಿಳಿನೀರಿನ ಹಾಗಿತ್ತು. ಆಮೇಲೆ ದ್ರಾವಣದ ಮೂರನ್ನೂ ನೋಡಿದರು, ಮೂರೂ ಬೆಳ್ಳಗಾಗಿದ್ದವು. ಮೂರನೆಯದನ್ನು ಬಹಳ ಹೊತ್ತು ನೋಡಿದರು.

"ಇದರ ಮೇಲೆ ಎಷ್ಟು ಹೊತ್ತು ಇತ್ತು ಮೇಡಂ?"

"ಹತ್ತು ಸೆಕೆಂಡು."

"ಬರೀ ಹತ್ತಾ?"

"ಬರೀ ಹತ್ತು."

ಸಾಹೇಬರು ಎದ್ದು ಕಿಟಕಿಯ ಬಳಿ ಹೋದರು. ಬೆರಳು ಮಡಿಸುತ್ತ ಏನೋ ಲೆಕ್ಕ ಹಾಕಿದರು. ತೊಟ್ಟಿಯಿಂದ ಈಗಿನ ನಲ್ಲಿಗೆ ಇರುವ ದೂರ ಇರಬೇಕು, ಎಂದುಕೊಂಡ ಅಜ್ಜ. ನಡುವೆ ಒಂದು ಬಾಗಿಲಿತ್ತೋ, ಎರಡಿತ್ತೋ. ಆಮೇಲೆ ಅವರು ಫೋನು ತೆಗೆದರು.

"ಶೆಡ್ಡಿನಲ್ಲಿ ಯಾರ್ಯಾರು ಇದ್ದಾರೆ? ಎಲ್ಲರನ್ನೂ ಹೊರಗೆ ಕರಿ. ಹೌದು, ಈಗಲೇ. ತೊಟ್ಟಿ ಹಾಗೇ ಇರಲಿ ಬಿಡು."